ಅಟ್ಟದ ಕಂಪ್ಯೂಟರ್‌ಗಳು, ಭಾಗ 4: ‘ಟೆಸ್ಟ್ ಮಾಡಿಲ್ಲ’

ಮೊದಲ ಫೋಟೋದಲ್ಲಿರೋ ಕಪ್ಪು ಡಬ್ಬಿ ಕ್ಯಾಲ್ಕುಲೇಟರ್ ಅಲ್ಲ, ಕಂಪ್ಯೂಟರ್. ರಬ್ಬರ್ ಗುಂಡಿಗಳು, ಮೂಲೆಯಲ್ಲಿ ಬಣ್ಣದ ಪಟ್ಟಿ. ಹೆಸರು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಂ. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದಾಗ ಈ 48ಕೆ ಮಾಡೆಲ್ಲಿನ ಬೆಲೆ 175 ಪೌಂಡ್. 48ಕೆ ಅಂದ್ರೆ 48 ಕಿಲೋಬೈಟ್ ಮೆಮೊರಿ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ.

ಹೊಸದಾಗಿ ಓದ್ತಿರೋರಿಗೆ: ನನ್ನ ಸೋದರಮಾವ ಹಾಸನದ ಮನೆ ಖಾಲಿ ಮಾಡಿ ಬೆಂಗಳೂರಿನಲ್ಲಿರೋ ಮಗನ ಫ್ಲ್ಯಾಟಿಗೆ ಹೋಗ್ತಿದ್ದಾರೆ. ಅಟ್ಟದ ಮೇಲೆ ಅವರು ಜೋಪಾನ ಮಾಡಿದ್ದ ಒಂಬತ್ತು ಹಳೇ ಕಂಪ್ಯೂಟರ್ ಇವೆ. ಮಾವನ ಕೈ ಈಗ ನಡುಗುತ್ತೆ, ಸ್ಕ್ರೂಡ್ರೈವರ್ ನಿಲ್ಲಲ್ಲ. “ನೀನು ಬಿಚ್ಚು ಪುಟ್ಟಿ, ನಾನು ಪಕ್ಕದಲ್ಲಿ ಕೂತಿರ್ತೀನಿ” ಅಂದ್ರು. ಮಾರಿ ಬಂದ ದುಡ್ಡಲ್ಲಿ ನನ್ನ ಕೊನೇ ವರ್ಷದ ಫೀಸು ಕಟ್ಟೋದು ಅಂತ ಮಾತಾಗಿದೆ.

ಮುಂದೆ ಹೋಗೋ ಮೊದಲು ನಿಮ್ಮ ಹತ್ರ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಭಾಗ 3ರಲ್ಲಿ ಡಿಬಿ ಸ್ಪೆಕ್ಟ್ರಂ ಪ್ಲಸ್ ತೋರಿಸಿದ್ದೆ, ನೆನಪಿದೆಯಾ? ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನೋರು ಲೈಸೆನ್ಸ್ ತಗೊಂಡು 1986ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ತಂದಿದ್ದು. ಅದರ ಕೆಳಗೆ ‘ಟೆಸ್ಟ್ ಮಾಡಿಲ್ಲ’ ಅಂತ ಬರೆದಿದ್ದೆ. ಅದು ಸುಳ್ಳು. ಟೆಸ್ಟ್ ಮಾಡಿದ್ದೆ. ಮಾವ ಮಲಗಿದ ಮೇಲೆ, ತಡೆಯೋಕಾಗದೆ, ವೈಫೈ ರೂಟರಿನ ಅಡಾಪ್ಟರ್ ಕಿತ್ತು ಅದಕ್ಕೆ ಚುಚ್ಚಿದೆ. ಪಿನ್ ಸರಿಯಾಗಿ ಕೂತ್ಕೊಳ್ತು. ಕೂತ್ಕೊಂಡ್ರೆ ಸಾಕು ಅಂದ್ಕೊಂಡೆ. ‘ಟಿಕ್’ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಷ್ಟೇ.

ರೂಟರಿನದು 12 ವೋಲ್ಟ್, ಪಿನ್ನಿನ ಒಳಗೆ ಪ್ಲಸ್. ಸ್ಪೆಕ್ಟ್ರಂಗೆ ಬೇಕಾಗಿದ್ದು 9 ವೋಲ್ಟ್, ಒಳಗೆ ಮೈನಸ್. ವೋಲ್ಟೇಜೂ ತಪ್ಪು, ದಿಕ್ಕೂ ಉಲ್ಟಾ.

ಅದಕ್ಕೇ ಈ ಸಲ ಮಾವನ ಮುಂದೇ ಕೂತೆ. ನಾನು ಪ್ಲಗ್ಗಿನ ಕಡೆ ನೋಡಿದ ತಕ್ಷಣ ಅವರು ಅಂದಿದ್ದು: “ಮೊದಲು ಕರೆಂಟಲ್ಲ. ಮೊದಲು ಕಣ್ಣು.”

ಎರಡನೇ ಫೋಟೋ: ಕೆಳಗಡೆ ಐದು ಸ್ಕ್ರೂ. ಪೇಪರ್ ಮೇಲೆ ಡಬ್ಬಿಯ ಚಿತ್ರ ಬರೆದು ಆಯಾ ಜಾಗದಲ್ಲೇ ಒಂದೊಂದು ಸ್ಕ್ರೂ ಇಟ್ಟೆ. ಮುಚ್ಚಳವನ್ನ ಜೋರಾಗಿ ಎಳೀಬಾರದು. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿ ಬೋರ್ಡಿಗೆ ಹೋಗಿರುತ್ತೆ. ನಲವತ್ತು ವರ್ಷಕ್ಕೆ ಅದು ಒಣಗಿದ ಬಾಳೆ ಎಲೆ ಥರ ಆಗಿರುತ್ತೆ, ಮಡಚಿದ್ರೆ ಬಿರುಕು.

ಮೂರನೇ ಫೋಟೋ: ಒಳಗೆ ಧೂಳು, ಒಂದು ಜಿರಳೆ ಮೊಟ್ಟೆ, ಮತ್ತೆ ಮೆಮೊರಿ ಚಿಪ್‌ಗಳ ಸಾಲು. ಎಂಟು ಚಿಪ್ ಸೇರಿ 16ಕೆ, ಇನ್ನೆಂಟು ಸೇರಿ 32ಕೆ. ಈ 32ಕೆ ಕಥೆ ನಂಗೆ ತುಂಬಾ ಇಷ್ಟ ಆಯ್ತು. ಅವು ಅಸಲಿಗೆ ದೊಡ್ಡ ಚಿಪ್‌ಗಳು, ತಯಾರಾಗುವಾಗ ಅರ್ಧ ಭಾಗ ಕೆಟ್ಟಿದ್ದವು. ಬಿಸಾಕಲಿಲ್ಲ. ಯಾವ ಅರ್ಧ ಚೆನ್ನಾಗಿದೆ ಅಂತ ಗುರುತು ಹಾಕಿ ಕಡಿಮೆ ಬೆಲೆಗೆ ಮಾರಿದ್ರು. ಒಳ್ಳೇ ಅರ್ಧ ಮಾತ್ರ ಬಳಸೋ ಹಾಗೆ ಬೋರ್ಡ್ ಮಾಡಿದ್ರು. ಮಾವ ಇದನ್ನ ಹೇಳ್ತಿದ್ರೆ ನಾನು ತಲೆ ಎತ್ತಲಿಲ್ಲ. ಅರ್ಧ ಕೆಟ್ಟಿದೆ ಅಂತ ಚಿಪ್ ಮೇಲೇ ಬರೆದು ಮಾರಿದೋರಿದ್ದಾರೆ. ನಾನು ಪೂರ್ತಿ ಸುಟ್ಟಿದ್ದನ್ನ ‘ಟೆಸ್ಟ್ ಮಾಡಿಲ್ಲ’ ಅಂದೆ.

ಬ್ರಷ್‌ನಲ್ಲಿ ಧೂಳು ತೆಗೆದೆ. ಕರೆಂಟ್ ಇಲ್ಲದೇನೇ ಮಲ್ಟಿಮೀಟರ್ ಹಿಡಿದು ಎಲ್ಲೂ ಶಾರ್ಟ್ ಇಲ್ಲ ಅಂತ ನೋಡಿದೆ. ಆಮೇಲೆ 9 ವೋಲ್ಟಿನ ಅಡಾಪ್ಟರ್ ತಂದು, ಅದರ ಎರಡು ವೈರ್ ಅದಲುಬದಲು ಮಾಡಿ, ಕೆಂಪು ಪ್ರೋಬ್ ಪಿನ್ನಿನ ಒಳಗೆ, ಕಪ್ಪು ಹೊರಗೆ. ಮೀಟರ್ ಮೈನಸ್ 9 ತೋರಿಸಬೇಕು. ತೋರಿಸ್ತು. ಮಾವ “ಇನ್ನೊಂದ್ಸಲ” ಅಂದ್ರು. ಮತ್ತೆ ನೋಡಿದೆ.

ಆಮೇಲೇ ಕರೆಂಟ್. ಆಗಲೂ ಟಿವಿ ಅಲ್ಲ, ಮೊದಲು ವೋಲ್ಟೇಜ್. ಮೊದಲ ಎಂಟು ಮೆಮೊರಿ ಚಿಪ್‌ಗೆ ಮೂರು ಥರದ ವೋಲ್ಟೇಜ್ ಬೇಕು: 1ನೇ ಕಾಲಲ್ಲಿ ಮೈನಸ್ 5, 8ನೇದರಲ್ಲಿ 12, 9ನೇದರಲ್ಲಿ 5. ಅಡಾಪ್ಟರ್ ಕೊಡೋದು 9, ಹಾಗಾದ್ರೆ 12 ಎಲ್ಲಿಂದ ಬಂತು? ಬೋರ್ಡಿನ ಮೇಲೆ ಒಂದು ಚಿಕ್ಕ ಕಾಯಿಲ್, ಒಂದೆರಡು ಟ್ರಾನ್ಸಿಸ್ಟರ್ ಸೇರಿ ತಯಾರು ಮಾಡ್ತವೆ. ಮೈನಸ್ 5 ಬರದೆ 12 ಮಾತ್ರ ಬಂದ್ರೆ ಚಿಪ್ ಸಾಯಬಹುದು. ಪ್ರೋಬ್ ಜಾರಿ ಪಕ್ಕದ ಕಾಲಿಗೆ ತಾಗಿದ್ರೂ ಅದೇ ಗತಿ. ಉಸಿರು ಹಿಡಿದೇ ಅಳೆದೆ. ಮೂರೂ ಬಂತು.

ನಾಲ್ಕನೇ ಫೋಟೋ ನೋಡಿ. ಹಳೇ ಡಬ್ಬಾ ಟಿವಿ, ಯುಹೆಚ್‌ಎಫ್ 36ನೇ ಚಾನೆಲ್ ಹತ್ರ ಟ್ಯೂನ್ ಮಾಡಿದ್ದು. ಸ್ಕ್ರೀನ್ ಕಪ್ಪಾಯ್ತು, ಬಿಳಿಯಾಯ್ತು, ಆಮೇಲೆ ಕೆಳಗೆ ಒಂದೇ ಒಂದು ಸಾಲು: 1982, ಸಿಂಕ್ಲೇರ್ ರಿಸರ್ಚ್. ಮಾವ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ್ರು.

ಗುಂಡಿಗಳನ್ನ ಒಂದೊಂದಾಗಿ ಒತ್ತಿದೆ. ಕ್ಯೂನಿಂದ ಟಿವರೆಗೆ ಐದು ಗುಂಡಿ ಸತ್ತಿವೆ. ಐದೈದು ಗುಂಡಿಗೆ ಒಂದು ಗೆರೆ ಇರುತ್ತೆ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಆ ಒಂದು ಗೆರೆ ಬಿರುಕು ಬಿಟ್ಟಿದೆ. ಹೊಸ ಪಟ್ಟಿ ಈಗಲೂ ಮಾಡಿ ಮಾರೋರಿದ್ದಾರೆ, ಹಾಕಬಹುದು. ಮೆಮೊರಿ ಲೆಕ್ಕ ಕೇಳೋಕೆ ಆ ಐದು ಬೇಕಾಗಿರಲಿಲ್ಲ. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಕೊಟ್ಟೆ. ಉತ್ತರ 65535. ಅಂದ್ರೆ 48ಕೆ ಪೂರ್ತಿ ಇದೆ. ಆ ಅರ್ಧ ಕೆಟ್ಟ ಚಿಪ್‌ಗಳ ಒಳ್ಳೇ ಅರ್ಧ ಇವತ್ತಿಗೂ ಒಳ್ಳೇದೇ.

ಮಾವನ ಹತ್ರ ಒಂದು ಉದ್ದ ನೋಟ್‌ಬುಕ್ ಇದೆ. ಪ್ರತಿ ಮೆಷಿನ್ನಿಗೆ ಒಂದು ಪುಟ: ಯಾವತ್ತು ಬಂತು, ಏನಾಯ್ತು, ಯಾರು ಸರಿ ಮಾಡಿದ್ದು. “ಬರಿ” ಅಂತ ಪೆನ್ ಕೊಟ್ರು. ಬರೆದೆ. ಪುಟ ತಿರುಗಿಸಿದ್ರೆ ಪಕ್ಕದಲ್ಲೇ ಡಿಬಿ ಸ್ಪೆಕ್ಟ್ರಂ ಪುಟ.

ಅಲ್ಲೇ ಹೇಳಿಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು, “ಎಷ್ಟು ಹೊತ್ತು ಇತ್ತು ಕರೆಂಟು?”

“ಎರಡು ಸೆಕೆಂಡ್ ಇರಬಹುದು ಮಾವ.”

“ಹೊಗೆ ಬಂತಾ?”

“ವಾಸನೆ ಮಾತ್ರ.”

“ಅದನ್ನೇ ಬರಿ. ತಗೊಳ್ಳೋನಿಗೆ ಗೊತ್ತಾಗಬೇಕಲ್ಲ.” ಆಮೇಲೆ ರಾತ್ರಿ ಊಟದವರೆಗೂ ಅವರು ನನ್ನ ಹತ್ರ ಮಾತಾಡಲಿಲ್ಲ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ನಮಗೆ ಎರಡು ನಷ್ಟ ಹೇಳಿಕೊಡ್ತಾರೆ. ಕೆಲಸದ ಸ್ವಭಾವದಿಂದಲೇ ಆಗೋದು ಸಾಮಾನ್ಯ ನಷ್ಟ, ಅಜಾಗರೂಕತೆಯಿಂದ ಆಗೋದು ಅಸಾಮಾನ್ಯ ನಷ್ಟ. ಎರಡನೇದನ್ನ ಬೇರೆ ಲೆಕ್ಕದಲ್ಲಿ ತೋರಿಸಲೇಬೇಕು. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡಿದ್ದೀನಿ. ಒಣಗಿದ ಪಟ್ಟಿ ಮೊದಲನೇದು. ಡಿಬಿ ಸ್ಪೆಕ್ಟ್ರಂ ಎರಡನೇದು.

ಭಾಗ 3ರ ಕ್ಯಾಪ್ಷನ್ ಈಗ ತಿದ್ದಿದ್ದೀನಿ: ‘ತಪ್ಪು ಅಡಾಪ್ಟರ್ ಹಾಕಿ ನಾನೇ ಕೆಡಿಸಿದ್ದು.’ ಅದನ್ನ ತಗೋತೀನಿ ಅಂದಿದ್ದವರಿಗೆ ಮೆಸೇಜನ್ನೂ ಮಾಡಿದೆ. ನೋಡಿದ್ದಾರೆ, ಉತ್ತರ ಇಲ್ಲ. ಫೀಸಿನ ಲೆಕ್ಕ ಮತ್ತೆ ಹಾಕಬೇಕು.

ನೀವು ಹಳೇ ಮೆಷಿನ್ ಕೊಳ್ಳೋರಾದ್ರೆ, ‘ಟೆಸ್ಟ್ ಮಾಡಿಲ್ಲ’ ಅಂತ ಕಂಡಾಗ ಒಂದು ಪ್ರಶ್ನೆ ಕೇಳಿ: ಯಾಕೆ ಮಾಡಿಲ್ಲ? ಮಾರೋರಾದ್ರೆ, ಆ ಮಾತು ಬರೆಯೋ ಮೊದಲು ನಿಮ್ಮನ್ನೇ ಕೇಳ್ಕೊಳ್ಳಿ.

ಇವತ್ತು ಬೆಳಿಗ್ಗೆ ಎದ್ದಾಗ ಡಿಬಿ ಸ್ಪೆಕ್ಟ್ರಂ ಮೇಜಿನ ಮೇಲಿತ್ತು. ಪಕ್ಕದಲ್ಲಿ ಮಲ್ಟಿಮೀಟರ್. ಭಾಗ 5 ಅದರದ್ದೇ.

#ಅಟ್ಟದಕಂಪ್ಯೂಟರ್‌ಗಳು #ಹಳೇಮೆಷಿನ್