ನೀರಿನ ಹೆದ್ದಾರಿಯಲ್ಲಿ ಒಂದು ಹಗಲು

ನಮ್ಮ ತಂದೆಯವರು ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವರು. ಮಲೆಯಾಳದ ಮಹಾಕವಿ ಕುಮಾರನ್ ಆಶಾನರು ನಮ್ಮೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಓದಿದರೆಂಬುದು ಅವರಿಗೆ ಬಹು ಅಭಿಮಾನದ ಸಂಗತಿ. ಎಂಬತ್ತು ತುಂಬಿದ ವರ್ಷ ಅವರು, “ಆ ಕವಿ ಮುಳುಗಿದ ನೀರನ್ನು ಒಮ್ಮೆ ಕಣ್ಣಾರೆ ನೋಡಬೇಕಪ್ಪ” ಎಂದರು. ಹೀಗಾಗಿ ಶರದೃತುವಿನ ಒಂದು ಬೆಳಗ್ಗೆ ನಾವಿಬ್ಬರೂ ಕೊಲ್ಲಂ ದೋಣಿಗಟ್ಟೆಯಲ್ಲಿ, ಆಲಪ್ಪುಳಕ್ಕೆ ಹೋಗುವ ಎರಡಂತಸ್ತಿನ ಸರಕಾರಿ ದೋಣಿಯನ್ನು ಹತ್ತಿದೆವು. ಪ್ರಯಾಣ ಎಂಟು ಗಂಟೆಗಳದ್ದು.

ಕೇರಳದ ಕರಾವಳಿಗೆ ಸಮಾನಾಂತರವಾಗಿ, ಕಡಲಿನಿಂದ ಕೂಗಳತೆಯ ಒಳಗೆ, ಹಿನ್ನೀರ ಸರೋವರಗಳ ಸಾಲೊಂದಿದೆ. ಅಲ್ಲಿಯವರು ಇವನ್ನು ಕಾಯಲ್ ಎನ್ನುತ್ತಾರೆ. ಒಂದು ಕಾಯಲಿನಿಂದ ಇನ್ನೊಂದಕ್ಕೆ ಕಾಲುವೆ ತೋಡಿ ಹಿಂದಿನವರು ಒಂದು ನೀರಿನ ಹೆದ್ದಾರಿಯನ್ನೇ ನಿರ್ಮಿಸಿದರು. ಮಳೆಗಾಲದಲ್ಲಿ ಕಡಲು ಕೆರಳಿದರೂ ಒಳನೀರು ಶಾಂತ. ಅಕ್ಕಿ, ಕೊಬ್ಬರಿ, ನಾರಿನ ಹಗ್ಗ, ಮದುವೆಯ ದಿಬ್ಬಣ, ಎಲ್ಲವೂ ಈ ಹಾದಿಯಲ್ಲೇ ಸಾಗುತ್ತಿದ್ದವು. ಕೊಲ್ಲಮಿನಿಂದ ಕೊಟ್ಟಪ್ಪುರಂವರೆಗಿನ ಭಾಗವನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗವೆಂದು ಸಾರಿದರು. ಆದರೆ ಆ ವೇಳೆಗೆ ಜನ ರಸ್ತೆಗೆ ಹೊರಳಿಯಾಗಿತ್ತು. ನಮ್ಮ ದೋಣಿಯಲ್ಲಿದ್ದವರೆಲ್ಲ ನೋಡಲು ಬಂದವರೇ. ಊರು ಸೇರಬೇಕಾದವರು ಒಬ್ಬರೂ ಇರಲಿಲ್ಲ.

ಮೊದಲು ಎದುರಾದದ್ದು ಅಷ್ಟಮುಡಿ. ಎಂಟು ಕವಲುಗಳಾಗಿ ಹರಡಿಕೊಂಡಿರುವುದರಿಂದ ಅದಕ್ಕೆ ಆ ಹೆಸರು. ನೀರಿನ ಮೇಲೆ ಚೀನೀ ಬಲೆಗಳು ತಲೆಬಾಗಿ ನಿಂತಿದ್ದವು. ದೋಣಿ ಕಾಲುವೆಯನ್ನು ಹೊಕ್ಕಾಗ ದಡ ಎರಡೂ ಕಡೆಯಿಂದ ಹತ್ತಿರ ಸರಿಯಿತು. ತೆಂಗಿನ ಸಿಪ್ಪೆ ಕೊಳೆಯಿಸುವ ಕಡೆಯ ಗಾಢವಾದ ವಾಸನೆ, ಬಟ್ಟೆ ಒಗೆಯುವ ಸದ್ದು, ಕೈಬೀಸುವ ಮಕ್ಕಳು. ಮನೆಗಳ ಹಿತ್ತಿಲೊಳಗೇ ಹೋಗುತ್ತಿದ್ದೇವೆಂಬ ಸಂಕೋಚ ನಮಗೆ.

ಎಡಕ್ಕೆ ಆಲಪ್ಪಾಡಿನ ನೆಲಪಟ್ಟಿ. ಅದರ ಆಚೆಗೇ ಅರಬ್ಬೀ ಸಮುದ್ರ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಕೇರಳದಲ್ಲಿ ಅತಿ ಹೆಚ್ಚಿನ ಸಾವು ಸಂಭವಿಸಿದ್ದು ಇಲ್ಲಿಯೇ. ಮುಂದೆ ಕಡಲು, ಹಿಂದೆ ಕಾಲುವೆ, ಓಡುವುದೆಲ್ಲಿಗೆ? ಹಾದಿಯಾಗಿದ್ದ ನೀರೇ ಅಂದು ಅಡ್ಡಗೋಡೆಯಾಯಿತು. ಆಮೇಲೆ ಕಟ್ಟಿದ ಕಾಲುಸೇತುವೆಯೊಂದರ ಕೆಳಗೆ ನಮ್ಮ ದೋಣಿ ಹಾಯಿತು.

ಊಟ ಮುಗಿಸಿ ಕಾಯಂಕುಳಂ ಕಾಯಲಿಗೆ ಬರುವ ಹೊತ್ತಿಗೆ ಪೂರ್ವದ ಬಾನು ಕಪ್ಪೇರಿತು. ಅದು ಅವರ ತುಲಾ ಮಾಸ. ಬೆಳಗ್ಗೆ ತೊಳೆದಿಟ್ಟಂಥ ಬಿಸಿಲು, ಮಧ್ಯಾಹ್ನ ಗುಡುಗು ಮಿಂಚು. ಈ ಋತುವಿನ ಪದ್ಧತಿಯೇ ಹಾಗೆ. ಅರ್ಧ ಗಂಟೆ ನೀರೂ ಆಕಾಶವೂ ಒಂದೇ ಬಣ್ಣವಾಗಿದ್ದವು. ದೋಣಿಯವರು ಪರದೆಗಳನ್ನು ಇಳಿಬಿಟ್ಟರು. ನಾನು ತಂದೆಯವರಿಗೆ ಶಾಲು ಹೊದಿಸಿದೆ. “ಕೆಳಗೆ ಹೋಗೋಣವೇ, ಅಣ್ಣ?” ಎಂದರೆ, “ಪಲ್ಲನ ಬರಲಿ” ಎಂದರು.

ತೃಕ್ಕುನ್ನಪ್ಪುಳದ ನೀರಬಾಗಿಲನ್ನು ದಾಟುವಾಗ ಮಳೆ ನಿಂತಿತು. ಅದರಾಚೆಗೆ ಪಲ್ಲನ. 1924ರ ಜನವರಿ 16ರ ಬೆಳಗಿನ ಜಾವ, ನಾವು ಬಂದ ಹಾದಿಯಲ್ಲೇ ಕೊಲ್ಲಮಿನಿಂದ ಆಲಪ್ಪುಳಕ್ಕೆ ಹೊರಟಿದ್ದ ‘ರಿಡೀಮರ್’ ಎಂಬ ದೋಣಿ ಇಲ್ಲಿ ಮಗುಚಿತು. ಮಿತಿಮೀರಿ ಜನ ತುಂಬಿತ್ತು. ಮಡಿದವರಲ್ಲಿ ಆಶಾನರೂ ಒಬ್ಬರು. ಅವರಿಗೆ ಆಗಿನ್ನೂ ಐವತ್ತು ವರ್ಷ. ನಾರಾಯಣ ಗುರುಗಳ ಶಿಷ್ಯರು. 1907ರಲ್ಲಿ ‘ವೀಣಪೂವು’ ಎಂಬ ಕಿರುಕಾವ್ಯದಲ್ಲಿ ಉದುರಿದ ಒಂದು ಹೂವನ್ನು ಮುಂದಿಟ್ಟುಕೊಂಡು ಬಾಳಿನ ನಶ್ವರತೆಯನ್ನು ಹಾಡಿ, ಮಲೆಯಾಳ ಕಾವ್ಯಕ್ಕೆ ಹೊಸ ದಾರಿ ತೋರಿದವರು.

ದೋಣಿ ಅಲ್ಲಿ ನಿಲ್ಲುವುದಿಲ್ಲ. ದಡದ ಸ್ಮಾರಕವನ್ನು ಹಾಯುವಾಗ ತಂದೆಯವರು ಚಪ್ಪಲಿ ಕಳಚಿ, ಕಂಬಿ ಹಿಡಿದು ಎದ್ದುನಿಂತರು. ಬಾಯಿ ತೆರೆದದ್ದು ಸ್ವಲ್ಪ ಹೊತ್ತಿನ ಮೇಲೆ. “ಬೆಂಗಳೂರಿಗೆ ಪ್ಲೇಗು ಬಂತೆಂದು ಓದು ಬಿಟ್ಟು ಹೊರಟ ಹುಡುಗ. ಅಲ್ಲಿ ಬದುಕಿಕೊಂಡವನಿಗೆ ತನ್ನ ನಾಡಿನ ಕಾಲುವೆಯೇ ಮೃತ್ಯುವಾಯಿತಲ್ಲ!” ಸ್ವಲ್ಪ ತಡೆದು ಮತ್ತೆ ಹೇಳಿದರು: “ಇವೊತ್ತು ಮುಳುಗೋಣವೆಂದರೂ ಈ ಹಾದಿಯಲ್ಲಿ ಅಷ್ಟು ಜನ ಬರುವುದಿಲ್ಲ. ಕವಿಯ ಜೊತೆ ಹಾದಿಯೂ ಸತ್ತಿತು.”

ನಾನು ಉತ್ತರ ಕೊಡಲಿಲ್ಲ. ದೋಣಿ ಕುಟ್ಟನಾಡನ್ನು ಪ್ರವೇಶಿಸಿತು. ಇಲ್ಲಿ ಗದ್ದೆಗಳು ಕಡಲಮಟ್ಟಕ್ಕಿಂತ ಕೆಳಗಿವೆ. ಕಾಲುವೆಯ ನೀರು ಎತ್ತರದಲ್ಲಿ, ರೈತನ ಹೊಲ ತಗ್ಗಿನಲ್ಲಿ; ನಡುವೆ ಮಣ್ಣಿನ ಏರಿ. ಮಳೆಗಾಲದುದ್ದಕ್ಕೂ ಮುಳುಗಿರುವ ನೆಲದಿಂದ ಶರತ್ಕಾಲದಲ್ಲಿ ನೀರನ್ನು ಹೊರಹಾಕಿ, ಬಿತ್ತನೆಗೆ ಅಣಿಮಾಡುತ್ತಾರೆ. ಏರಿಯ ಮೇಲಿನ ಯಂತ್ರವೊಂದು ಮರದ ಪೆಟ್ಟಿಗೆಯ ಮೂಲಕ ಗದ್ದೆಯ ನೀರನ್ನು ಕಾಲುವೆಗೆ ಚೆಲ್ಲುತ್ತಿತ್ತು. ಏರಿ ಒಡೆದರೆ ವರ್ಷದ ಅನ್ನ ಹೋಯಿತು. ಆದರೂ ಪ್ರತಿ ವರ್ಷ ಕಟ್ಟುತ್ತಾರೆ, ಬಿತ್ತುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಆಲಪ್ಪುಳ ಬಂತು. ದೋಣಿಗಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಚೇರಿ ಬಿಟ್ಟವರು, ಪುಸ್ತಕದ ಚೀಲ ಹೊತ್ತ ಮಕ್ಕಳು, ಮೀನು, ತರಕಾರಿ ಕೊಂಡ ಹೆಂಗಸರು ಕುಟ್ಟನಾಡಿನ ಹಳ್ಳಿಗಳಿಗೆ ಹೋಗುವ ದೋಣಿಗಳನ್ನು ಹತ್ತುತ್ತಿದ್ದರು. ನಾವು ಬೆರಗುಪಟ್ಟು ನೋಡಿದ ನೀರು ಅವರಿಗೆ ದಿನನಿತ್ಯದ ಬೀದಿ.

ತಂದೆಯವರು ಜನರ ನಡುವೆ ನಿಂತು ಬಹಳ ಹೊತ್ತು ನೋಡಿದರು. ಕೊನೆಯ ಗಳಿಗೆಯಲ್ಲಿ ಓಡಿಬಂದ ಹುಡುಗಿಯೊಬ್ಬಳ ಕೈಹಿಡಿದು ದೋಣಿಯವನು ಒಳಕ್ಕೆ ಎಳೆದುಕೊಂಡ. ಗಂಟೆ ಹೊಡೆಯಿತು, ದೋಣಿ ಕತ್ತಲೆಯೊಳಗೆ ಸಾಗಿತು.

“ನಾನು ಆಗ ಹೇಳಿದ್ದು ತಪ್ಪು ಕಣಪ್ಪ” ಎಂದರು ತಂದೆಯವರು. “ಹಾದಿ ಸತ್ತಿಲ್ಲ.”