ಪಟ್ಟಿಯ ಮೊದಲ ಸಾಲು

ರಾಯಬಾಗ ತಾಲೂಕಿನ ನಮ್ಮ ದಿಗ್ಗೇವಾಡಿಯಲ್ಲಿ ಮಕ್ಕಳ ಅಂಕಗಳು ಮನೆಯ ಗುಟ್ಟಾಗಿ ಉಳಿಯುವುದು ಅಪರೂಪ. ನನ್ನ ಮೊಮ್ಮಗಳು 2021ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ 96 ಅಂಕ ಗಳಿಸಿದಾಗ ಓಣಿಗೆಲ್ಲ ಪೇಢೆ ಹಂಚಿದೆವು. 2023ರ ಏಪ್ರಿಲ್ 21ರಂದು ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದು, ಗಣಿತದಲ್ಲಿ ಆಕೆಗೆ 54 ಎಂದು ತಿಳಿದಾಗ ಅದೇ ಓಣಿಯವರು ಸಮಾಧಾನ ಹೇಳಲು ಬಂದರು. ಆ ಸಮಾಧಾನವೇ ನಮಗೆ ಹೆಚ್ಚು ನೋವನ್ನುಂಟುಮಾಡಿತು.

ಇಳಿತದ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿರಲಿಲ್ಲ. ಕೊರೋನಾ ಕಾಲದ ಆ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ ತಿಂಗಳಲ್ಲಿ ಎರಡೇ ದಿನ ನಡೆದಿತ್ತು. ಸರಿಯುತ್ತರವನ್ನು ಗುರುತಿಸಿದರೆ ಸಾಕಾಗಿತ್ತು. ಅಲ್ಲಿಂದ ಆಕೆ ಕನ್ನಡ ಮಾಧ್ಯಮವನ್ನು ಬಿಟ್ಟು ಪಟ್ಟಣದ ಆಂಗ್ಲ ಮಾಧ್ಯಮದ ವಿಜ್ಞಾನ ತರಗತಿಗೆ ಹೋದಳು. ಲೆಕ್ಕ ಬರುತ್ತಿತ್ತು, ಲೆಕ್ಕವನ್ನು ಕೇಳಿದ ಭಾಷೆ ಬರುತ್ತಿರಲಿಲ್ಲ. ಮಾಸ್ತರನಾಗಿ ನಿವೃತ್ತನಾದ ನಾನೇ ಇದನ್ನು ಗಮನಿಸದೆ ಹೋದೆನೆಂಬುದು ನನ್ನ ತಪ್ಪು.

ಸಿ.ಇ.ಟಿ.ಗೆ ಒಂದು ತಿಂಗಳಿತ್ತು. ಇಂಜಿನಿಯರಿಂಗ್ ಕ್ರಮಾಂಕವನ್ನು ನಿರ್ಧರಿಸುವಾಗ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ 300 ಅಂಕಗಳಿಗೆ ಅರ್ಧ ತೂಕ, ಸಿ.ಇ.ಟಿ.ಯ 180 ಅಂಕಗಳಿಗೆ ಉಳಿದರ್ಧ. ಎಂದರೆ ಪಿ.ಯು.ಸಿ.ಯಲ್ಲಿ ಕಳೆದುಕೊಂಡ 5 ಅಂಕಗಳನ್ನು ಸಿ.ಇ.ಟಿ.ಯ 3 ಸರಿಯುತ್ತರಗಳು ತುಂಬಿಕೊಡುತ್ತವೆ. ತಪ್ಪುತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ತಾನು ಆಶಿಸಿದ್ದಕ್ಕಿಂತ 45 ಅಂಕ ಕಡಿಮೆಯಾಗಿದೆ, ಆದ್ದರಿಂದ 27 ಪ್ರಶ್ನೆಗಳ ಸಾಲವಿದೆ ಎಂದು ಆಕೆ ಲೆಕ್ಕ ಹಾಕಿ ಅಡಕಲು ಕೋಣೆಯಲ್ಲಿ ಓದಲು ಕುಳಿತಳು. (2024ರಲ್ಲಿ ಪಿ.ಯು.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳಾಗಿ, ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಲು ಅವಕಾಶವಾಯಿತು. ಆ ಅನುಕೂಲ ಆಕೆಗಿರಲಿಲ್ಲ.) ಸಾಲವೆಲ್ಲ ತೀರಲಿಲ್ಲ, ಬಹುಪಾಲು ತೀರಿತು.

ಕಾಲೇಜುಗಳ ಪಟ್ಟಿ ತುಂಬುವ ದಿನ ನಾನು ಪಕ್ಕದಲ್ಲಿ ಕುಳಿತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿ, ಖಂಡಿತವಾಗಿ ಸಿಗಬಹುದಾದ ಒಂದು ಕಾಲೇಜನ್ನೇ ಮೊದಲು ಬರೆಸಿದೆ. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಿಂದ ಬೆಳೆದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವನ್ನು ಬರೆಯಲೆಂದು ಆಕೆ ಕೇಳಿದಾಗ, ಅಪಮಾನ ಮಾಡಿಕೊಳ್ಳುವುದೇಕೆ ಎಂದೆ. ಅಣಕು ಹಂಚಿಕೆಯಲ್ಲಿ ನಾನು ಬರೆಸಿದ್ದೇ ಬಂದಿತು. ನನಗೆ ಸಂತೋಷವಾಯಿತು, ಆಕೆ ಅಂದು ರಾತ್ರಿ ಊಟಕ್ಕೆ ಏಳಲಿಲ್ಲ.

ಬೆಳಿಗ್ಗೆ ಆಕೆ ನನಗೆ ಪಾಠ ಹೇಳಿದಳು. "ಅಜ್ಜಾ, ಮ್ಯಾಲಿನಿಂದ ಒಂದೊಂದ ನೋಡ್ಕೊಂತ ಬರ್ತಾರ. ಮೊದಲಿಂದು ಸಿಗಲಿಲ್ಲಂದ್ರ ಎರಡನೇದು. ದೊಡ್ಡದು ಮ್ಯಾಲ ಬರದ್ರ ಸಣ್ಣದೇನ ಕೈ ಬಿಟ್ಟು ಹೋಗೂದಿಲ್ಲ. ಸಣ್ಣದ ಮ್ಯಾಲ ಬರದ್ರ ಮಾತ್ರ ದೊಡ್ಡದು ಹೋತು."

ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ನೈಜ ಹಂಚಿಕೆಗೆ ಮುನ್ನ ಪಟ್ಟಿಯನ್ನು ಬದಲಿಸಲು ಅವಕಾಶವಿತ್ತು. ಆಕೆ ತನ್ನ ಇಚ್ಛೆಯಂತೆ ಅದನ್ನು ತಿರುಗಿಸಿ ಬರೆದಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕಾಗಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳೂ ಇದ್ದವು. ಅಂಕ ಇಳಿಯಲು ಕಾರಣವಾದುದೇ ಇಲ್ಲಿ ಆಸರೆಯಾಯಿತು. ಹುಬ್ಬಳ್ಳಿ ದೊರೆಯಲಿಲ್ಲ. ಐದನೆಯ ಸಾಲಿನಲ್ಲಿದ್ದ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ದೊರೆಯಿತು. ನಾನು ಆರಿಸಿದ್ದುದು ಹದಿಮೂರನೆಯ ಸಾಲಿನಲ್ಲಿ ಉಳಿದಿತ್ತು.

ಹೊರಡುವ ಹಿಂದಿನ ದಿನ ಕಾಗದಪತ್ರಗಳನ್ನು ಹುಡುಕುವಾಗ ಟ್ರಂಕಿನ ತಳದಲ್ಲಿ ನನ್ನ 1975ರ ಪಿ.ಯು.ಸಿ. ಅಂಕಪಟ್ಟಿ ಆಕೆಯ ಕೈಗೆ ಸಿಕ್ಕಿತು. ಸಿ.ಇ.ಟಿ. ಬಂದದ್ದು 1994ರಲ್ಲಿ, ನಮ್ಮ ಕಾಲಕ್ಕೆ ಆ ಅಂಕಗಳದೇ ಭಾರ. ಅಂಕ ಕುಸಿದುದರಿಂದ ಇಂಜಿನಿಯರ್ ಆಗಲಿಲ್ಲವೆಂದು ನಾನು ಮನೆಯಲ್ಲಿ ಸದಾ ಹೇಳುತ್ತ ಬಂದವನು. ಆಕೆ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ಇದೇನ ಅಷ್ಟ ಕಡಿಮಿ ಅಲ್ಲಲ್ಲ ಅಜ್ಜಾ. ನೀ ಎಲ್ಲೆಲ್ಲಿ ಅರ್ಜಿ ಹಾಕಿದ್ದಿ?"

ನಾನು ಎಲ್ಲಿಯೂ ಹಾಕಿರಲಿಲ್ಲ.