ಮೂರು ಆಜ್ಞೆ, ಒಂದು ಹೆಜ್ಜೆ

ಧರ್ಮದ ಆಜ್ಞೆಗಳನ್ನು ಕಂಠಪಾಠ ಮಾಡುವುದು ಎಳೆಯ ಮಕ್ಕಳಿಗೂ ಸುಲಭ. ಅವುಗಳ ಅರ್ಥವನ್ನು ಅರಿಯಲು ಒಮ್ಮೊಮ್ಮೆ ಒಂದು ಆಯುಷ್ಯವೂ ಸಾಲದು. ಕಥೋಲಿಕ ಕ್ರೈಸ್ತರು ಬಾಲ್ಯದಲ್ಲಿಯೇ ಕಲಿಯುವ ದಶಾಜ್ಞೆಗಳಲ್ಲಿ ಮೂರನೆಯದು ದೇವರ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂದು ಹೇಳುತ್ತದೆ. ನಾಲ್ಕನೆಯದು ತಂದೆತಾಯಿಗಳನ್ನು ಗೌರವಿಸಬೇಕೆನ್ನುತ್ತದೆ. ಐದನೆಯದು ಕೊಲೆಯನ್ನು ನಿಷೇಧಿಸುತ್ತದೆ. ಪೂಜೆ, ಕುಟುಂಬ, ಪ್ರಾಣ ಹೀಗೆ ಮೂರೂ ಒಂದರ ಬೆನ್ನಿಗೊಂದು ನಿಂತಿವೆ.

ಧರ್ಮಸಭೆಯ ಬೋಧನೆ ಇವುಗಳನ್ನು ಬರಿಯ ಅಕ್ಷರಕ್ಕೆ ಕಟ್ಟಿಹಾಕಿಲ್ಲ. ಭಾನುವಾರದ ಬಲಿಪೂಜೆಯಂತೆಯೇ ದೀನರ ಹಾಗೂ ರೋಗಿಗಳ ಸೇವೆಯೂ ಆ ದಿನಕ್ಕೆ ಒಪ್ಪುವ ಕಾರ್ಯವೆಂದು ಅದು ಸಾರುತ್ತದೆ. ಮಕ್ಕಳು ಹೆತ್ತವರಿಗೆ ಸಲ್ಲಿಸಬೇಕಾದ ಗೌರವದೊಡನೆ, ಹೆತ್ತವರು ಮಕ್ಕಳಿಗೆ ಸಲ್ಲಿಸಬೇಕಾದ ಕರ್ತವ್ಯವೂ ನಾಲ್ಕನೆಯ ಆಜ್ಞೆಯಲ್ಲಿ ಅಡಗಿದೆ. ಗರ್ಭದಲ್ಲಿರುವ ಶಿಶುವಿನಿಂದ ಕೊನೆಯುಸಿರೆಳೆಯುವ ವೃದ್ಧನವರೆಗೆ ಎಲ್ಲರ ಪ್ರಾಣವೂ ಐದನೆಯದರ ಆಶ್ರಯದಲ್ಲಿದೆ. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿ, ಮರಣದಂಡನೆಯೂ ಒಪ್ಪತಕ್ಕದ್ದಲ್ಲವೆಂದು ಸೇರಿಸಿದರು.

ಆದರೆ ಈ ಮೂರು ಆಜ್ಞೆಗಳಿಗೆ ಪರಸ್ಪರ ಸಂಬಂಧವೇನು? ಒಂದನ್ನು ಬಿಟ್ಟು ಇನ್ನೊಂದನ್ನು ಪಾಲಿಸಲು ಬಾರದೆ? ಈ ಪ್ರಶ್ನೆಗೆ ಗ್ರಂಥಗಳಿಗಿಂತಲೂ ಸ್ಪಷ್ಟವಾದ ಉತ್ತರವು 1941ರ ಬೇಸಗೆಯಲ್ಲಿ, ಜರ್ಮನರ ವಶದಲ್ಲಿದ್ದ ಪೋಲೆಂಡಿನ ಆಷ್‌ವಿಟ್ಸ್ ಬಂದಿಶಿಬಿರದಲ್ಲಿ ದೊರೆಯಿತು.

ಜುಲೈ ತಿಂಗಳ ಕೊನೆಯಲ್ಲಿ ಅಲ್ಲಿಂದ ಬಂದಿಯೊಬ್ಬ ಕಾಣೆಯಾದ. ಅದಕ್ಕೆ ಪ್ರತೀಕಾರವಾಗಿ ಹತ್ತು ಮಂದಿಯನ್ನು ಅನ್ನನೀರಿಲ್ಲದೆ ಸಾಯಿಸಬೇಕೆಂದು ಅಧಿಕಾರಿ ನಿಶ್ಚಯಿಸಿ, ಸಾಲಾಗಿ ನಿಂತವರಲ್ಲಿ ತನಗೆ ತೋಚಿದವರನ್ನು ಆರಿಸತೊಡಗಿದ. ಆ ಹತ್ತರಲ್ಲಿ ಫ್ರಾನ್ಸಿಶೆಕ್ ಗಾಯೋವ್ನಿಚೆಕ್ ಎಂಬ ಪೋಲಿಷ್ ಸೈನಿಕನೂ ಒಬ್ಬ. ಹೆಂಡತಿಯನ್ನೂ ಮಕ್ಕಳನ್ನೂ ನೆನೆದು ಆತ ಗೋಳಿಟ್ಟ. ಆಗ ಸಾಲಿನಿಂದ ಕೃಶಕಾಯದ ಬಂದಿಯೊಬ್ಬರು ಹೆಜ್ಜೆ ಮುಂದಿಟ್ಟರು. ಹೆಸರಿಗೆ ಬದಲಾಗಿ ಅವರಿಗಿದ್ದುದು 16670 ಎಂಬ ಸಂಖ್ಯೆ. ತಾನು ಕಥೋಲಿಕ ಪಾದ್ರಿ. ಹೆಂಡಿರುಮಕ್ಕಳುಳ್ಳ ಆ ಮನುಷ್ಯನ ಬದಲು ತನ್ನನ್ನು ಕಳುಹಿಸಬೇಕು ಎಂದು ಅವರು ಕೇಳಿಕೊಂಡರು. ಬಂದಿಯ ಮಾತಿಗೆ ಬೆಲೆಯೇ ಇಲ್ಲದ ಆ ಸ್ಥಳದಲ್ಲಿ ಇದೊಂದು ಬೇಡಿಕೆ ಮನ್ನಣೆ ಪಡೆಯಿತು.

ಅವರೇ ಫ್ರಾನ್ಸಿಸ್ಕನ್ ಸಂನ್ಯಾಸಿ ಮ್ಯಾಕ್ಸಿಮಿಲಿಯನ್ ಕೋಲ್ಬೆ. 1894ರಲ್ಲಿ ಹುಟ್ಟಿ, 1927ರಲ್ಲಿ ಪೋಲೆಂಡಿನಲ್ಲಿ ದೊಡ್ಡ ಮಠವೊಂದನ್ನು ಕಟ್ಟಿ, ಪತ್ರಿಕೆಗಳನ್ನು ನಡೆಸಿ, 1930ರಿಂದ ಕೆಲವು ವರ್ಷ ಜಪಾನಿನ ನಾಗಸಾಕಿಯಲ್ಲಿಯೂ ದುಡಿದವರು. ಆಗ ಅವರಿಗೆ 47 ವರ್ಷ. ಶರೀರವನ್ನು ಕ್ಷಯರೋಗ ಎಂದೋ ಸವೆಸಿತ್ತು.

ಅವರನ್ನು ತಳ್ಳಿದ ನೆಲಮಾಳಿಗೆಯಲ್ಲಿ ಬಲಿಪೀಠವಿರಲಿಲ್ಲ, ಗಂಟೆಯಿರಲಿಲ್ಲ, ದೀಪವಿರಲಿಲ್ಲ. ಆದರೂ ಅಲ್ಲಿಂದ ಪ್ರಾರ್ಥನೆಯೂ ಕೀರ್ತನೆಯೂ ಕೇಳಿಬರುತ್ತಿದ್ದುವೆಂದು ಅಲ್ಲಿ ಕೆಲಸಕ್ಕಿದ್ದ ಬಂದಿಯೊಬ್ಬ ಮುಂದೆ ಸಾಕ್ಷ್ಯ ನುಡಿದ. ದಿನ ಕಳೆದಂತೆ ಧ್ವನಿಗಳು ಒಂದೊಂದಾಗಿ ಅಡಗಿದುವು. ಎರಡು ವಾರಗಳ ಮೇಲೆ ಕೋಲ್ಬೆಯವರೂ ಸೇರಿ ನಾಲ್ವರು ಮಾತ್ರ ಉಳಿದಿದ್ದರು. ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಅವರನ್ನು ಕೊಂದರು.

ಆತ್ಮಹತ್ಯೆಯನ್ನು ಪಾಪವೆನ್ನುವ ಧರ್ಮಕ್ಕೆ ಇದು ಹೇಗೆ ಸಮ್ಮತವಾಯಿತು ಎಂದು ಯಾರಾದರೂ ಕೇಳಬಹುದು. ಕೋಲ್ಬೆಯವರು ಬದುಕಿಗೆ ಬೇಸತ್ತು ಸಾವನ್ನು ಬಯಸಿದವರಲ್ಲ. ಅವರು ಬಯಸಿದ್ದು ಇನ್ನೊಬ್ಬನ ಬದುಕನ್ನು. ಸಾವು ಅದಕ್ಕೆ ತೆರಬೇಕಾಗಿ ಬಂದ ಬೆಲೆ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ಯುದ್ಧ ಮುಗಿದ ಮೇಲೆ ಗಾಯೋವ್ನಿಚೆಕ್ ಮನೆಗೆ ಮರಳಿದ. ಹೆಂಡತಿ ಬದುಕಿದ್ದಳು, ಆದರೆ ಯಾವ ಮಕ್ಕಳಿಗಾಗಿ ಆತ ಅಂದು ಗೋಳಿಟ್ಟನೋ ಆ ಇಬ್ಬರು ಗಂಡುಮಕ್ಕಳು 1945ರ ಬಾಂಬು ದಾಳಿಗೆ ಸಿಕ್ಕಿ ಸತ್ತಿದ್ದರು. ಹಾಗಾದರೆ ಆ ತ್ಯಾಗ ವ್ಯರ್ಥವಾಯಿತೆ?

ಲಾಭನಷ್ಟಗಳ ತಕ್ಕಡಿ ಹಿಡಿದವರು ಹೌದೆಂದಾರು. ಐದನೆಯ ಆಜ್ಞೆಯ ಮರ್ಮವಾದರೋ ಆ ತಕ್ಕಡಿಯನ್ನು ಕೆಳಗಿಡುವುದರಲ್ಲಿಯೇ ಇದೆ. ಮನುಷ್ಯನ ಪ್ರಾಣಕ್ಕೆ ಬೆಲೆ ಬರುವುದು ಅದರಿಂದಾಗುವ ಪ್ರಯೋಜನದಿಂದಲ್ಲ, ಅದು ಪ್ರಾಣವಾಗಿರುವುದರಿಂದ. ಗಾಯೋವ್ನಿಚೆಕ್ ರಾಜ್ಯವಾಳಲಿಲ್ಲ, ಕಾವ್ಯ ಬರೆಯಲಿಲ್ಲ. ಪಡೆದ ಆಯುಷ್ಯವನ್ನು ಬಾಳಿದ; ಕೊಟ್ಟವರ ಹೆಸರನ್ನು ಹೋದಲ್ಲೆಲ್ಲ ಹೇಳಿದ. 1982ರ ಅಕ್ಟೋಬರ್ 10ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ರೋಮಿನ ಆ ಜನಸಾಗರದ ನಡುವೆ ಆತನೂ ಇದ್ದ. 1995ರಲ್ಲಿ, 93ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಆ ಸಾಲಿನಲ್ಲಿ ಮುಗಿಯಬೇಕಾಗಿದ್ದ ಆಯುಷ್ಯ ಇನ್ನೂ 53 ವರ್ಷ ಮುಂದುವರಿದಿತ್ತು.

ಅಂದು ಮೈದಾನದಲ್ಲಿ ನಿಂತ ಅಧಿಕಾರಿಗೆ ಆತನ ಗೋಳು ಬರಿಯ ಸದ್ದು. ಪಾದ್ರಿಗೆ ಅದು ಒಂದು ಮನೆಯ ಕರೆ. ಆ ವ್ಯತ್ಯಾಸ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ವರ್ಷಗಟ್ಟಲೆ ನಡೆದ ಪೂಜೆ ಕಿವಿಯನ್ನು ಹದಗೊಳಿಸಿತ್ತು. ಆ ಕಿವಿ ಕುಟುಂಬದ ಸಂಕಟವನ್ನು ಕೇಳಿತು. ಕೇಳಿದ ಮೇಲೆ ಪ್ರಾಣವನ್ನು ಉಳಿಸದೆ ಇರುವುದು ಅಸಾಧ್ಯವಾಯಿತು. ಮೂರು ಆಜ್ಞೆಗಳೂ ಆ ಒಂದು ಹೆಜ್ಜೆಯಲ್ಲಿ ಕೂಡಿದುವು.

ಅಂಥ ಹೆಜ್ಜೆ ಎಲ್ಲರ ಪಾಲಿಗೂ ಬರುವುದಿಲ್ಲ, ಬರದಿರಲಿ. ಸಾಮಾನ್ಯ ಸಂಸಾರದಲ್ಲಿ ಅದು ಬಲು ಚಿಕ್ಕದು: ದೇವರ ಮುಂದಿನಿಂದ ಎದ್ದು, ಕೇಳಿದ್ದನ್ನೇ ಹತ್ತು ಸಲ ಕೇಳುವ ಮುದಿತಾಯಿಯ ಹಾಸಿಗೆಯವರೆಗೆ. ಆ ದೂರವನ್ನು ಬೇಸರವಿಲ್ಲದೆ ನಡೆಯುವವರಿಗೆ ಮೂರು ಆಜ್ಞೆಗಳ ಸಂಬಂಧವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.